ಚಾರ್ಜಿಂಗ್ ಟಾರ್ಚ್ ಕೈಕೊಟ್ಟಾಗ ಗ್ರಾಹಕನ ಹಕ್ಕೇನು?

ಎರಡು ಮೂರು ಸಾವಿರ ಕೊಟ್ಟು ತಂದ ಚಾರ್ಜಿಂಗ್ ಟಾರ್ಚ್ ಎರಡನೇ ತಿಂಗಳಿಗೇ ಮಂಕಾಗುತ್ತದೆ. ಡಬ್ಬದ ಮೇಲೆ ಎಂಟು ಗಂಟೆ ಬೆಳಕು ಎಂದಿದ್ದರೂ ಎರಡು ಗಂಟೆಗೆ ಆರುತ್ತದೆ. ಅಂಗಡಿಗೆ ಹೋದರೆ ‘ಬ್ಯಾಟರಿಗೆ ಗ್ಯಾರಂಟಿ ಇಲ್ಲ’ ಎಂಬ ಉತ್ತರ. ಇಷ್ಟಕ್ಕೆಲ್ಲ ಯಾರು ಓಡಾಡುತ್ತಾರೆ ಎಂದು ಹೆಚ್ಚಿನವರು ಸುಮ್ಮನಾಗುತ್ತಾರೆ. ಆದರೆ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹಾವು ಹರಿದಾಡುವ ಬದುವಿನ ಮೇಲೆ ನಡೆಯುವ ರೈತನಿಗೆ ಇದು ಸಣ್ಣ ವಿಷಯವಲ್ಲ. ಕಾನೂನೂ ಇದನ್ನು ಸಣ್ಣದೆಂದು ತಳ್ಳಿಹಾಕುವುದಿಲ್ಲ.

2020ರ ಜುಲೈ 20ರಿಂದ ಜಾರಿಯಲ್ಲಿರುವ ಗ್ರಾಹಕರ ಸಂರಕ್ಷಣಾ ಕಾಯ್ದೆ, 2019 ‘ದೋಷ’ ಎಂದರೇನೆಂದು ಸ್ಪಷ್ಟವಾಗಿ ಹೇಳುತ್ತದೆ. ಕಾನೂನು ಬಯಸುವ ಗುಣಮಟ್ಟ, ಪ್ರಮಾಣ, ಸಾಮರ್ಥ್ಯಗಳಲ್ಲಿ ಕೊರತೆ ಇದ್ದರೆ ಅದು ದೋಷ. ಮಾರುವವನು ಹೇಳಿಕೊಂಡದ್ದಕ್ಕಿಂತ ಮಾಲು ಕಡಿಮೆಯಿದ್ದರೂ ದೋಷವೇ. ಈ ಎರಡನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ‘ಟಾರ್ಚ್ ಚೆನ್ನಾಗಿಲ್ಲ’ ಎಂಬ ದೂರು ಗ್ರಾಹಕರ ಆಯೋಗದ ಮುಂದೆ ನಿಲ್ಲುವುದು ಕಷ್ಟ. ‘ಎಂಟು ಗಂಟೆ ಎಂದಿದ್ದರು, ಪೂರ್ತಿ ಚಾರ್ಜ್ ಮಾಡಿದ ಮೇಲೂ ಎರಡೇ ಗಂಟೆ ಉರಿಯಿತು’ ಎಂಬ ದೂರು ನಿಲ್ಲುತ್ತದೆ. ಬ್ಯಾಟರಿಯನ್ನು ಗ್ಯಾರಂಟಿ ಚೀಟಿಯಿಂದ ಹೊರಗಿಟ್ಟ ಮಾತ್ರಕ್ಕೆ ಡಬ್ಬದ ಮೇಲೆ ಸುಳ್ಳು ಬರೆಯಲು ಪರವಾನಗಿ ಸಿಗುವುದಿಲ್ಲ. ದಾರಿ ತಪ್ಪಿಸುವ ಜಾಹೀರಾತು ಕೂಡ ಈ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಹಾಗಾಗಿ ಟಾರ್ಚ್ ಕೈಕೊಟ್ಟ ದಿನವೇ ಸಾಕ್ಷ್ಯ ಕೂಡಿಸಿ. ಬಿಲ್, ಗ್ಯಾರಂಟಿ ಕಾರ್ಡ್, ಡಬ್ಬ ಎಸೆಯಬೇಡಿ. ಆನ್‌ಲೈನಿನಲ್ಲಿ ಕೊಂಡಿದ್ದರೆ ಮಾರಾಟದ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಆ ಪುಟ ನಾಳೆ ಬದಲಾಗಬಹುದು. ಗಡಿಯಾರ ಪಕ್ಕದಲ್ಲಿಟ್ಟು ಟಾರ್ಚ್ ಹಚ್ಚಿ ವಿಡಿಯೊ ಮಾಡಿ. ಬ್ಯಾಟರಿಯ ಮೇಲಿನ ಬರಹವನ್ನೂ ಓದಿ. ಇಂಥ ಟಾರ್ಚ್‌ಗಳಲ್ಲಿ ಸಾಮಾನ್ಯವಾಗಿರುವ 18650 ಲಿಥಿಯಂ ಸೆಲ್ ಒಳ್ಳೆಯ ಕಂಪನಿಯದಾದರೂ ಅದರ ಸಾಮರ್ಥ್ಯ ಸುಮಾರು 3500 ಮಿಲಿ ಆಂಪಿಯರ್ ಅವರ್. ಅದರ ಮೇಲೆ 9900 ಎಂದು ಅಚ್ಚಾಗಿದ್ದರೆ ಆ ಅಂಕಿಯೇ ನಿಮ್ಮ ಪರ ಸಾಕ್ಷಿ. ಇಂಥ ಸೆಲ್‌ಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಪರೀಕ್ಷಿಸಿ ನೋಡಬಹುದು.

‘ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ’ ಎಂಬ ಸಾಲು ಎಷ್ಟೋ ಬಿಲ್‌ಗಳ ಅಡಿಯಲ್ಲಿ ಇಂದಿಗೂ ಇದೆ. ದೋಷವಿರುವ ಮಾಲಿನ ಮಟ್ಟಿಗೆ ಆ ಸಾಲಿಗೆ ಬೆದರಬೇಕಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳದಿದ್ದರೆ 30 ದಿನಗಳಲ್ಲಿ, ಅಂಥ ಮಾಲನ್ನು ವಾಪಸ್ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೊಡದಿರುವುದೂ ಅಷ್ಟೇ.

ಮೊದಲು ಅಂಗಡಿಗೂ ಕಂಪನಿಗೂ ಬರಹದಲ್ಲಿ ದೂರು ಕೊಡಿ. ಫೋನಿನಲ್ಲಿ ಜಗಳವಾಡಿದ್ದಕ್ಕೆ ದಾಖಲೆ ಉಳಿಯುವುದಿಲ್ಲ. ಇ-ಕಾಮರ್ಸ್ ಸಂಸ್ಥೆಯ ಕುಂದುಕೊರತೆ ಅಧಿಕಾರಿ 48 ಗಂಟೆಗಳಲ್ಲಿ ದೂರನ್ನು ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಸಹಾಯವಾಣಿ ತೀರ್ಪು ಕೊಡುವುದಿಲ್ಲ, ನಿಮ್ಮ ದೂರನ್ನು ಕಂಪನಿಗೆ ತಲುಪಿಸಿ ಉತ್ತರ ಕೇಳುತ್ತದೆ. ಎಷ್ಟೋ ವ್ಯಾಜ್ಯಗಳು ಅಲ್ಲೇ ಮುಗಿಯುತ್ತವೆ.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಕಂಪನಿ ದೆಹಲಿಯಲ್ಲಿದ್ದರೂ ನೀವು ದೆಹಲಿಗೆ ಹೋಗಬೇಕಿಲ್ಲ. ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಈ ಕಾಯ್ದೆ ತಂದ ಬದಲಾವಣೆಗಳಲ್ಲಿ ಹಳ್ಳಿಯವರಿಗೆ ಅತಿ ದೊಡ್ಡ ಅನುಕೂಲ ಇದೇ ಎಂಬುದು ನನ್ನ ಅಭಿಪ್ರಾಯ. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಆಯೋಗದ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ, ನಿಮ್ಮ ಮಾತನ್ನು ನೀವೇ ಮಂಡಿಸಬಹುದು. ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ಹೊಲದ ಕೆಲಸಕ್ಕೆ ಕೊಂಡದ್ದರಿಂದ ಇದು ವಾಣಿಜ್ಯ ಉದ್ದೇಶ ಎಂದು ಎದುರು ಪಕ್ಷದವರು ವಾದಿಸಿದರೆ ಹೆದರಬೇಡಿ. ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರೂ ಗ್ರಾಹಕರೇ. ರೈತರು ಗ್ರಾಹಕರೆಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಎತ್ತಿಹಿಡಿದಿದೆ.

ನೋಟಿಸ್ ತಲುಪಿದ 30 ದಿನಗಳಲ್ಲಿ ಎದುರು ಪಕ್ಷ ಉತ್ತರಿಸಬೇಕು, ಆಯೋಗ ಒಪ್ಪಿದರೆ ಇನ್ನೂ 15 ದಿನ ಸಿಗುತ್ತದೆ. ದೋಷ ಬರಿಗಣ್ಣಿಗೆ ಗೊತ್ತಾಗದಿದ್ದರೆ ಟಾರ್ಚನ್ನು ಪ್ರಯೋಗಾಲಯಕ್ಕೆ ಕಳಿಸಬಹುದು. ಪರೀಕ್ಷಾ ಶುಲ್ಕವನ್ನು ಮೊದಲು ನಿಮ್ಮಿಂದ ಕಟ್ಟಿಸಿಕೊಳ್ಳುವ ಅಧಿಕಾರ ಆಯೋಗಕ್ಕಿದೆ. ಪರೀಕ್ಷೆ ಬೇಡವಾದರೆ ಮೂರು ತಿಂಗಳು, ಬೇಕಾದರೆ ಐದು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಇದು ಮೀರುವುದುಂಟು, ತಾಳ್ಮೆ ಇರಲಿ. ದೋಷ ಸಾಬೀತಾದರೆ ರಿಪೇರಿ, ಬದಲಿ ಟಾರ್ಚ್ ಅಥವಾ ಬಡ್ಡಿ ಸಮೇತ ಹಣ, ಜೊತೆಗೆ ನಷ್ಟ ಪರಿಹಾರ ಮತ್ತು ವ್ಯಾಜ್ಯದ ಖರ್ಚನ್ನೂ ಆಯೋಗ ಕೊಡಿಸಬಹುದು. ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 25 ಸಾವಿರದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ. ಅದು ಮುಗಿಯುವವರೆಗೆ ಕಾಯದೆ, ಬಿಲ್ಲಿನ ಅಕ್ಷರ ಮಾಸುವ ಮೊದಲೇ ಅದರ ಫೋಟೊ ತೆಗೆದು ಮೊದಲ ಪತ್ರ ಬರೆಯಿರಿ.