ಆಟದ ಸುಲಭತೆಯೂ ಆಟದ ಆಳವೂ

ಒಂದು ಆಟವನ್ನು ಎಲ್ಲರೂ ಆಡಬಲ್ಲಂತೆ ಸುಲಭಗೊಳಿಸಿದರೆ ಅದರ ಆಳವು ಕುಂದುವುದೆ? ವಿಡಿಯೋ ಆಟಗಳಲ್ಲಿ ಆಸಕ್ತರಾದ ತರುಣರ ನಡುವೆ ಈ ಪ್ರಶ್ನೆಯನ್ನು ಕುರಿತು ಬಿರುಸಾದ ವಾದವಿವಾದಗಳು ನಡೆಯುತ್ತಿರುವುದನ್ನು ವಾಚಕರು ಬಲ್ಲರು. ನಿನ್ನೆ ಬಂದವನೂ ಇಂದು ಗೆಲ್ಲುವಂತಾದರೆ ವರ್ಷಗಟ್ಟಲೆ ಸಾಧನೆ ಮಾಡಿದವನ ಪ್ರಾವೀಣ್ಯಕ್ಕೆ ಬೆಲೆಯೇನು ಎಂದು ಒಂದು ಪಕ್ಷದವರು ಕೇಳುತ್ತಾರೆ. ಹೊಸಬರನ್ನು ಹೊಸ್ತಿಲಲ್ಲಿಯೇ ತಡೆದು ನಿಲ್ಲಿಸುವ ಆಟವು ಹೆಚ್ಚು ದಿನ ಬಾಳದು ಎಂದು ಇನ್ನೊಂದು ಪಕ್ಷದವರು ಉತ್ತರ ಕೊಡುತ್ತಾರೆ. ಇದು ಕೇವಲ ಕಾಲಹರಣದ ಮಾತಲ್ಲ. 2023ರಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಜರುಗಿದ ಏಷ್ಯನ್ ಕ್ರೀಡಾಕೂಟದಲ್ಲಿ ವಿಡಿಯೋ ಆಟಗಳಿಗೂ ಪದಕಗಳನ್ನು ನೀಡಲಾಯಿತು. ಮುಂದೆ ಇಂತಹ ಆಟಗಳನ್ನು ರಚಿಸುವ ಉದ್ಯೋಗಕ್ಕೆ ಇಳಿಯಬೇಕೆಂದು ಬಯಸುವ ವಿದ್ಯಾರ್ಥಿಗಳೂ ನಮ್ಮಲ್ಲಿ ಹಲವರುಂಟು. ಯಾರಿಗೆ ಬಾಗಿಲನ್ನು ತೆರೆಯಬೇಕು, ತೆರೆದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದನ್ನು ಅವರು ನಿರ್ಧರಿಸಬೇಕಾಗುತ್ತದೆ. ಆದುದರಿಂದ ಈ ಪ್ರಶ್ನೆಯನ್ನು ಅಭಿಮಾನದಿಂದಲ್ಲದೆ ಲೆಕ್ಕಾಚಾರದಿಂದ ಪರಿಶೀಲಿಸೋಣ.

ಕಲ್ಲುಚಪ್ಪಡಿಯ ಮೇಲಿನ ಹುಲಿ

ಇದಕ್ಕೆ ಯಂತ್ರವೇನೂ ಬೇಕಾಗಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯ ಸೀಮೆಯು ಕನ್ನಡ ತೆಲುಗುಗಳೆರಡೂ ಬಳಕೆಯಲ್ಲಿರುವ ರೇಷ್ಮೆಯ ಸೀಮೆ. ಹುಳು ಜ್ವರಕ್ಕೆ ಕುಳಿತಾಗ, ಎಂದರೆ ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿದಾಗ, ಸೊಪ್ಪು ಹಾಕುವವರಿಗೂ ತುಸು ಬಿಡುವು. ಅಂತಹ ಬಿಡುವಿನ ಹೊತ್ತಿಗೆಂದೇ ನಮ್ಮ ಹಳ್ಳಿಗಳಲ್ಲಿ ಬೆಳೆದುಬಂದ ಆಟಗಳಲ್ಲಿ ಹುಲಿ-ಕುರಿಯೂ ಒಂದು. ತೆಲುಗು ಬಲ್ಲವರು ಅದನ್ನೇ ಪುಲಿ-ಮೇಕ ಎನ್ನುವರು. ಇದಕ್ಕೆ ಬೇಕಾದುದು ಒಂದು ಚಪ್ಪಡಿ, ಒಂದು ತುಂಡು ಇದ್ದಿಲು ಅಥವಾ ಸುಣ್ಣ, ಹದಿನೆಂಟು ಕಲ್ಲುಗಳು. ಹಂಪೆಯ ಕಲ್ಲುಹಾಸುಗಳಲ್ಲಿ ಇಂದಿಗೂ ಇಂತಹ ಆಟದ ಮನೆಗಳ ಕೆತ್ತನೆಗಳನ್ನು ಕಾಣಬಹುದು.

ನಿಯಮಗಳನ್ನು ಹೇಳಲು ಕೆಲವೇ ವಾಕ್ಯಗಳು ಸಾಕು. ಗೆರೆಗಳು ಕೂಡುವ 23 ಸಂಧಿಗಳಿರುತ್ತವೆ. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಕುರಿಗಳನ್ನು ಸರದಿಗೊಂದರಂತೆ ಇಡಬೇಕು. ಎಲ್ಲವನ್ನೂ ಇಟ್ಟು ಮುಗಿಯುವವರೆಗೆ ಯಾವ ಕುರಿಯೂ ಚಲಿಸುವಂತಿಲ್ಲ. ಕಲ್ಲುಗಳು ಗೆರೆಯ ಮೇಲೆ ಪಕ್ಕದ ಸಂಧಿಗೆ ಮಾತ್ರ ಸರಿಯಬಹುದು. ಪಕ್ಕದ ಕುರಿಯ ಆಚೆಗೆ ಅದೇ ಗೆರೆಯಲ್ಲಿ ತೆರವಾದ ಸಂಧಿಯಿದ್ದರೆ ಹುಲಿಯು ಅದಕ್ಕೆ ಹಾರಿ ಕುರಿಯನ್ನು ತಿನ್ನುತ್ತದೆ. ಹುಲಿಗಳಿಗೆ ಅಲುಗಾಡಲೂ ಎಡೆಯಿಲ್ಲದಂತೆ ಕಟ್ಟಿಹಾಕಿದರೆ ಕುರಿಗಳಿಗೆ ಜಯ. ಏಳು ವರ್ಷದ ಮಗುವೂ ಇದನ್ನು ಕಲಿಯಬಲ್ಲದು.

ಇಷ್ಟು ಸರಳವಾದ ಆಟದಲ್ಲಿ ಎಷ್ಟು ಬಗೆಯ ಸ್ಥಿತಿಗಳು ಸಾಧ್ಯ? ಕಾಲೇಜಿನ ಗಣಿತದಲ್ಲಿ ಕಲಿಯುವ ವಿಕಲ್ಪಗಳ ಸೂತ್ರವನ್ನು ಇಲ್ಲಿ ಅನ್ವಯಿಸೋಣ. 23 ಸಂಧಿಗಳಲ್ಲಿ 3 ಹುಲಿಗಳನ್ನು ಇರಿಸುವ ಬಗೆಗಳು 1,771. ಉಳಿದ 20 ಸಂಧಿಗಳಲ್ಲಿ 15 ಕುರಿಗಳನ್ನು ಇರಿಸುವ ಬಗೆಗಳು 15,504. ಇವೆರಡರ ಗುಣಲಬ್ಧವು 2,74,57,584. ಹಾಸಿನ ಮೇಲೆ ಒಂದೂ ಕುರಿ ಇಲ್ಲದಿರುವ ಸ್ಥಿತಿಯಿಂದ ಹಿಡಿದು ಹದಿನೈದೂ ಇರುವ ಸ್ಥಿತಿಯವರೆಗೆ ಎಲ್ಲವನ್ನೂ ಕೂಡಿದರೆ 1,84,60,54,980 ಆಗುತ್ತದೆ. ಕೈಯಲ್ಲಿ ಇನ್ನೂ ಎಷ್ಟು ಕುರಿಗಳಿವೆ ಎಂಬ ಭೇದವನ್ನು ನಾವಿಲ್ಲಿ ಎಣಿಸಿಯೇ ಇಲ್ಲ. ಸೆಕೆಂಡಿಗೊಂದರಂತೆ ಹಗಲಿರುಳು ನೋಡುತ್ತ ಕುಳಿತರೂ ಇವೆಲ್ಲವನ್ನು ನೋಡಿ ಮುಗಿಸಲು 58 ವರ್ಷಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಅಚ್ಚರಿಯ ವಿಷಯವಲ್ಲ. ನ್ಯೂಟನ್ನನ ಗುರುತ್ವ ನಿಯಮವನ್ನು ಒಂದು ಸಾಲಿನಲ್ಲಿ ಬರೆಯಬಹುದು. ಆದರೂ ಎರಡು ಕಾಯಗಳ ಬದಲು ಮೂರು ಕಾಯಗಳು ಪರಸ್ಪರ ಆಕರ್ಷಿಸಿದಾಗ ಅವುಗಳ ಚಲನೆ ಎಷ್ಟು ಜಟಿಲವಾಗಬಲ್ಲುದೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ವಾಂಕರೆ ತೋರಿಸಿಕೊಟ್ಟನು. ನಿಯಮವು ಸರಳವಾದ ಮಾತ್ರಕ್ಕೆ ಫಲವೂ ಸರಳವಾಗಬೇಕೆಂದೇನೂ ಇಲ್ಲ.

ಆಳವನ್ನು ಅಳೆಯುವ ಬಗೆ

ಆದರೆ ಸ್ಥಿತಿಗಳ ಎಣಿಕೆಯೇ ಆಳದ ಅಳತೆಯೆಂದು ಭಾವಿಸಬಾರದು. ನೂರು ಮನೆಗಳ ಹಾವು-ಏಣಿಯ ಹಾಸಿನಲ್ಲಿ ನಾಲ್ವರು ಆಡಿದರೆ, ಕಾಯಿಗಳು ಇರಬಹುದಾದ ಬಗೆಗಳು ನೂರರ ನಾಲ್ಕನೆಯ ಘಾತ, ಎಂದರೆ 10 ಕೋಟಿ. ಹಾಗಿದ್ದರೂ ಆ ಆಟದಲ್ಲಿ ಆಳವು ಶೂನ್ಯ. ಏಕೆಂದರೆ ಆಡುವವನು ನಿರ್ಧರಿಸಬೇಕಾದುದು ಏನೂ ಇಲ್ಲ. ದಾಳ ಹೇಳಿದಷ್ಟು ನಡೆಯುವುದಷ್ಟೇ ಅವನ ಕೆಲಸ. ಒಂಬತ್ತು ಮನೆಗಳ ಚೌಕದಲ್ಲಿ ಸೊನ್ನೆಯನ್ನೂ ಗುಣಾಕಾರ ಚಿಹ್ನೆಯನ್ನೂ ತುಂಬುವ ಆಟದಲ್ಲಿ ನಿರ್ಧಾರವುಂಟು. ಆದರೆ ಅದರಲ್ಲಿ ಸಾಧ್ಯವಾದ ಸ್ಥಿತಿಗಳು 5,478 ಮಾತ್ರ. ಕೆಲವೇ ದಿನಗಳಲ್ಲಿ ಸೋಲದಿರುವ ಉಪಾಯವನ್ನು ಹುಡುಗರು ಕಂಡುಕೊಳ್ಳುತ್ತಾರೆ, ಅಲ್ಲಿಗೆ ಆಟವು ಸಪ್ಪೆಯಾಗುತ್ತದೆ. ಆದುದರಿಂದ ಆಳಕ್ಕೆ ಎರಡು ಅಂಶಗಳು ಬೇಕು: ಫಲವನ್ನು ಬದಲಿಸಬಲ್ಲ ನಿರ್ಧಾರಗಳು, ಮತ್ತು ಅವು ಬೇಗನೆ ಬತ್ತಿಹೋಗದಷ್ಟು ವಿಸ್ತಾರ.

ಇದನ್ನು ಅಳೆಯಲು ಒಂದು ಒಳ್ಳೆಯ ಉಪಾಯವುಂಟು. ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದ ಆರ್ಪಾಡ್ ಇಲೊ ಎಂಬಾತನು ಚದುರಂಗದ ಆಟಗಾರರಿಗೆ ಅಂಕಗಳನ್ನು ನೀಡುವ ಕ್ರಮವೊಂದನ್ನು ರೂಪಿಸಿದನು. ವಿಶ್ವ ಚದುರಂಗ ಸಂಸ್ಥೆಯು 1970ರಲ್ಲಿ ಅದನ್ನು ಅಂಗೀಕರಿಸಿತು. ಈ ಕ್ರಮದಲ್ಲಿ ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಮೇಲಿನವನು ನೂರು ಆಟಗಳಲ್ಲಿ ಸುಮಾರು 76 ಆಟಗಳಷ್ಟು ಫಲ ಗಳಿಸುವನೆಂದು ನಿರೀಕ್ಷೆ. ಇದನ್ನು ಒಂದು ಮೆಟ್ಟಿಲೆಂದು ಕರೆಯೋಣ. ಕಲಿಯತೊಡಗಿದವನಿಂದ ಅತ್ಯಂತ ನಿಪುಣನವರೆಗೆ ಇಂತಹ ಮೆಟ್ಟಿಲುಗಳು ಎಷ್ಟಿವೆಯೋ ಅಷ್ಟು ಆ ಆಟದ ಆಳ. ಚದುರಂಗದಲ್ಲಿ ಸಾವಿರ ಅಂಕದ ಸಾಮಾನ್ಯನಿಗೂ 2,800 ಅಂಕದ ಮಹಾಪಟುವಿಗೂ ನಡುವೆ 9 ಮೆಟ್ಟಿಲುಗಳಿವೆ. ಹಾವು-ಏಣಿಯಲ್ಲಿ ಒಂದೂ ಇಲ್ಲ. ಈ ಅಳತೆಯು ನಿಯಮಪುಸ್ತಕದ ದಪ್ಪವನ್ನು ಕೇಳುವುದೇ ಇಲ್ಲ ಎಂಬುದನ್ನು ಗಮನಿಸಬೇಕು.

ನಮ್ಮ ಆಟಗಳ ನಂಟರನ್ನು ಗಣಕಯಂತ್ರಗಳು ಪರೀಕ್ಷಿಸಿವೆ. ನೇಪಾಳದ ಬಾಘ್‌ಚಾಲ್ ಎಂಬುದು 25 ಸಂಧಿಗಳಲ್ಲಿ 4 ಹುಲಿ, 20 ಮೇಕೆಗಳಿಂದ ಆಡುವ ಆಟ. ಎರಡು ಪಕ್ಷಗಳೂ ತಪ್ಪಿಲ್ಲದೆ ಆಡಿದರೆ ಅದು ಸಮವಾಗಿ ಮುಗಿಯುವುದೆಂದು ದೀರ್ಘ ಗಣನೆಯಿಂದ ಸಿದ್ಧವಾಗಿದೆ. ನಮ್ಮ ಅಳಗುಳಿಮಣೆಗೆ ಸಂಬಂಧಿಯಾದ ಆಫ್ರಿಕದ ಅವಾರಿ ಆಟದ ಸುಮಾರು 88,906 ಕೋಟಿ ಸ್ಥಿತಿಗಳನ್ನು 2002ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಗಣಿಸಿ, ಅದೂ ಸಮವೆಂದು ಕಂಡುಹಿಡಿದರು. ಹುಣಿಸೆ ಬೀಜವನ್ನು ಎಣಿಸಿ ಗುಳಿಗೆ ಹಾಕುವ ಮಕ್ಕಳ ಆಟವನ್ನು ಬಿಡಿಸಲು ಅನೇಕ ಗಣಕಗಳು ಒಟ್ಟುಗೂಡಿ ದುಡಿಯಬೇಕಾಯಿತು!

ಅದೃಷ್ಟದ ಪಾತ್ರ

ಹೊಸಬರಿಗೂ ಗೆಲುವು ದೊರೆಯಲೆಂದು ಆಟಕ್ಕೆ ಅದೃಷ್ಟವನ್ನು ಬೆರೆಸುವುದುಂಟು. ಚೌಕಾಬಾರವು ಇಂತಹದು, ತೆಲುಗಿನಲ್ಲಿ ಇದಕ್ಕೆ ಅಷ್ಟಾ ಚೆಮ್ಮ ಎಂದು ಹೆಸರು. ನಾಲ್ಕು ಕವಡೆಗಳಲ್ಲಿ ಎಷ್ಟು ಬಾಯಿ ಮೇಲಾಗಿ ಬಿದ್ದಿವೆಯೋ ಅಷ್ಟು ನಡೆ. ಎಲ್ಲವೂ ಬೋರಲಾದರೆ ಎಂಟು. ಎರಡು ಕಡೆಗೂ ಸಮ ಅವಕಾಶವೆಂದು ಗ್ರಹಿಸಿದರೆ ಹದಿನಾರು ಎಸೆತಗಳಲ್ಲಿ ಸರಾಸರಿಯಾಗಿ ಒಂದು 4 ಬಾರಿ, ಎರಡು 6 ಬಾರಿ, ಮೂರು 4 ಬಾರಿ, ನಾಲ್ಕು ಮತ್ತು ಎಂಟು ಒಂದೊಂದು ಬಾರಿ ಬೀಳುತ್ತವೆ. ಎಸೆತವೊಂದರ ಸರಾಸರಿಯು 2.5 ಮನೆ. ಕವಡೆಯ ಮೇಲೆ ನಮಗೆ ಅಧಿಕಾರವಿಲ್ಲ. ಆದರೆ ಯಾವ ಕಾಯಿಯನ್ನು ನಡೆಸಬೇಕು, ಯಾರನ್ನು ಹೊಡೆಯಬೇಕು ಎಂಬ ನಿರ್ಧಾರ ನಮ್ಮದು.

ಇಂತಹ ಒಂದು ಆಟದಲ್ಲಿ ನಿಪುಣನು ಒಂದೊಂದು ಸಲಕ್ಕೆ ನೂರಕ್ಕೆ 55ರ ಸಂಭವನೀಯತೆಯಿಂದ ಗೆಲ್ಲುವನೆನ್ನೋಣ. ಒಂದೇ ಆಟವನ್ನು ನೋಡಿದವನಿಗೆ ಅವನ ನೈಪುಣ್ಯ ಕಾಣುವುದಿಲ್ಲ. ಒಂಬತ್ತು ಆಟಗಳ ಸರಣಿಯಲ್ಲಿ ಅವನು ಮುಂದಿರುವ ಸಂಭವನೀಯತೆ ನೂರಕ್ಕೆ 62ಕ್ಕೆ ಏರುತ್ತದೆ. 101 ಆಟಗಳಲ್ಲಿ ನೂರಕ್ಕೆ ಸುಮಾರು 84ಕ್ಕೆ. ಇದರಿಂದ ಅದೃಷ್ಟವು ಆಳವನ್ನು ಮರೆಮಾಡುವುದೇ ಹೊರತು ಅಳಿಸಿಹಾಕುವುದಿಲ್ಲವೆಂದು ವಿದಿತವಾಗುತ್ತದೆ. ಸರಣಿಯನ್ನು ಉದ್ದಮಾಡಿದರೆ ಮುಸುಕು ತಾನಾಗಿ ಸರಿಯುತ್ತದೆ. ಇದಕ್ಕೆ ವಿರುದ್ಧವಾಗಿ, ಅದೃಷ್ಟವನ್ನೂ ಹೆಚ್ಚಿಸಿ ಸ್ಪರ್ಧೆಯನ್ನೂ ಮೊಟಕುಗೊಳಿಸಿದರೆ ಪಂದ್ಯವು ನಾಣ್ಯ ಚಿಮ್ಮುವುದಕ್ಕೆ ಹತ್ತಿರವಾಗುತ್ತದೆ.

ಯಂತ್ರದ ಆಟಗಳಲ್ಲಿ

ಈಗ ವಿಡಿಯೋ ಆಟಗಳನ್ನು ನೋಡೋಣ. 1998ರ ಸ್ಟಾರ್‌ಕ್ರಾಫ್ಟ್‌ನಲ್ಲಿ ಒಂದು ಬಾರಿಗೆ 12 ಸೈನಿಕರನ್ನು ಮಾತ್ರ ಆಯ್ದು ಆಜ್ಞೆ ನೀಡಬಹುದಾಗಿತ್ತು. 2010ರಲ್ಲಿ ಬಂದ ಎರಡನೆಯ ಸ್ಟಾರ್‌ಕ್ರಾಫ್ಟ್ ಈ ಮಿತಿಯನ್ನು ತೆಗೆದುಹಾಕಿತು. ಇಲ್ಲಿ ನಷ್ಟವೇನೂ ಇಲ್ಲವೆಂದು ಹೇಳುವುದು ಸರಿಯಲ್ಲ: ದೊಡ್ಡ ದಂಡನ್ನು ಹನ್ನೆರಡರ ಗುಂಪುಗಳಾಗಿ ಮಿಂಚಿನ ವೇಗದಲ್ಲಿ ನಡೆಸುವುದು ವರ್ಷಗಳ ಅಭ್ಯಾಸದಿಂದ ಬಂದ ಕೌಶಲ. ಆ ಒಂದು ಮೆಟ್ಟಿಲು ಹೋಯಿತು. ಆದರೆ ಯಾವಾಗ ಯುದ್ಧಕ್ಕಿಳಿಯಬೇಕು, ಎಲ್ಲಿ ಹಿಮ್ಮೆಟ್ಟಬೇಕು ಎಂಬ ನಿರ್ಧಾರಗಳ ಮೆಟ್ಟಿಲುಗಳು ಉಳಿದವು.

2023ರ ಸ್ಟ್ರೀಟ್ ಫೈಟರ್ 6 ಇನ್ನೊಂದು ದಾರಿ ಹಿಡಿಯಿತು. ಅದರಲ್ಲಿ ಕಷ್ಟದ ಹೊಡೆತಗಳನ್ನು ಒಂದೇ ಗುಂಡಿಯಿಂದ ಹೊಡೆಯುವ ಸುಲಭ ಕ್ರಮವೊಂದುಂಟು. ಆದರೆ ಹಾಗೆ ಹೊಡೆದ ವಿಶೇಷ ಹೊಡೆತಗಳ ಬಲವು ನೂರಕ್ಕೆ 20ರಷ್ಟು ಕಡಿಮೆ. ಇದು ನಮ್ಮ ಹುಲಿ-ಕುರಿಯ ತತ್ತ್ವವೇ ಆಗಿದೆ. ಹುಲಿಗೆ ಹಾರುವ ಬಲವಿದೆ, ಕುರಿಗೆ ಸಂಖ್ಯೆಯ ಬಲವಿದೆ. ಎರಡು ಪಕ್ಷಗಳೂ ಒಂದೇ ಬಗೆಯಾಗಿರದಿದ್ದರೂ ತಕ್ಕಡಿಯನ್ನು ಸಮವಾಗಿ ತೂಗಬಹುದು. 2008ರ ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್ ಆಟದಲ್ಲಿ ಓಡತೊಡಗಿದ ಪಾತ್ರವು ಕೆಲವೊಮ್ಮೆ ನಿಷ್ಕಾರಣವಾಗಿ ಎಡವುವಂತೆ ಮಾಡಿದ್ದರು. ಇದನ್ನು ನಿಪುಣರು ದೂರಿದ್ದು ನ್ಯಾಯವೇ. ಏಕೆಂದರೆ ಇಲ್ಲಿ ಬಾಗಿಲು ಅಗಲವಾಗಲಿಲ್ಲ, ನಿರ್ಧಾರದ ಫಲವನ್ನು ಅದೃಷ್ಟವು ಕಸಿದುಕೊಂಡಿತು. ಟೆಟ್ರಿಸ್‌ನ ನಿದರ್ಶನವಂತೂ ಪ್ರಸಿದ್ಧವಾದುದು. ಏಳೇ ಏಳು ಆಕಾರಗಳ ಆ ಆಟದ ನಿಂಟೆಂಡೊ ರೂಪವು 1989ರಲ್ಲಿ ಬಂದಿತು. ಯಂತ್ರವೇ ಸೋತು ನಿಂತುಬಿಡುವವರೆಗೆ ಅದನ್ನು ಆಡಿದ ಆಟಗಾರನು ಕಾಣಿಸಿಕೊಂಡದ್ದು 2023ರ ಡಿಸೆಂಬರಿನಲ್ಲಿ.

ಆಟವು ಯಾವುದನ್ನು ಪರೀಕ್ಷಿಸುತ್ತದೆ ಎಂಬುದೇ ಇಲ್ಲಿ ಮುಖ್ಯ. ಗೋಲಿಯಾಟದಲ್ಲಿ ಬೆರಳಿನ ಗುರಿಯೇ ಪರೀಕ್ಷೆಯ ವಿಷಯ. ಗೋಲಿಯು ತಾನಾಗಿ ಗುರಿ ಮುಟ್ಟುವಂತೆ ಮಾಡಿದರೆ ಆಟವೇ ಇಲ್ಲ. ಹುಲಿ-ಕುರಿಯಲ್ಲಿ ಪರೀಕ್ಷೆ ಆಲೋಚನೆಯದು. ಕೈ ನಡುಗುವ ವೃದ್ಧರ ಕಲ್ಲನ್ನು ಮೊಮ್ಮಗನು ಸರಿಸಿಕೊಟ್ಟರೆ ಆಟಕ್ಕೆ ಕೊಂಚವೂ ಊನವಿಲ್ಲ. ಅಂಗವೈಕಲ್ಯವುಳ್ಳವರಿಗಾಗಿ ಮೈಕ್ರೋಸಾಫ್ಟ್ ಸಂಸ್ಥೆಯು 2018ರಲ್ಲಿ ಹೊರತಂದ ವಿಶೇಷ ನಿಯಂತ್ರಕವು ಆ ಮೊಮ್ಮಗನ ಕೆಲಸವನ್ನೇ ಮಾಡುತ್ತದೆ. ಅಂತಹ ಸೌಲಭ್ಯವನ್ನು ಆಳಕ್ಕೆ ಶತ್ರುವೆಂದು ಬಗೆಯುವುದು ವಿಚಾರಹೀನತೆ.

ಬಾಗಿಲೂ ಮಾಳಿಗೆಯೂ

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆ ನಡೆಯ ಚಮತ್ಕಾರಗಳನ್ನು ರಚಿಸಿದುದಲ್ಲದೆ ಹಲವು ಮನೆಗಳ ಜಟಿಲ ಆಟಗಳನ್ನೂ ಕಲ್ಪಿಸಿದರು. ಅವು ಬುದ್ಧಿಯ ವೈಭವಕ್ಕೆ ಸಾಕ್ಷಿಗಳು. ಆದರೆ ಊರೂರಿನ ಚಪ್ಪಡಿಯ ಮೇಲೆ ನೆಲೆನಿಂತದ್ದು ಹುಲಿ-ಕುರಿಯೇ. ಅರಸರ ಆಟಗಳಲ್ಲಿ ಆಳವಿರಲಿಲ್ಲವೆಂದು ಇದರಿಂದ ಹೇಳಲಾಗದು. ಆಡುವವರಿಲ್ಲದ ಆಟವು ತನ್ನ ಆಳವನ್ನು ತೋರಲಾರದೆಂದು ಮಾತ್ರ ಹೇಳಬಹುದು.

ಇದಕ್ಕೂ ಗಣಿತದ ಆಧಾರವುಂಟು. ಜನರ ಸಾಮರ್ಥ್ಯವು ಪ್ರಸಾಮಾನ್ಯ ವಿತರಣೆಯನ್ನು ಅನುಸರಿಸುವುದೆಂದು ಗ್ರಹಿಸಿದರೆ, ನೂರು ಜನರಲ್ಲಿ ಅಗ್ರಗಣ್ಯನು ಸರಾಸರಿಗಿಂತ ಸುಮಾರು 2.5 ಮಾನಕ ವಿಚಲನೆಗಳಷ್ಟು ಮೇಲಿರುತ್ತಾನೆ. ಹತ್ತು ಸಾವಿರ ಜನರಲ್ಲಿ ಅಗ್ರಗಣ್ಯನು ಸುಮಾರು 3.85ರಷ್ಟು ಮೇಲಿರುತ್ತಾನೆ. ಬಾಗಿಲು ಅಗಲವಾದಷ್ಟೂ ಒಳಗೆ ಬರುವವರು ಹೆಚ್ಚು. ಬರುವವರು ಹೆಚ್ಚಿದಷ್ಟೂ ಶಿಖರವು ಎತ್ತರ.

ಆದುದರಿಂದ ನಮ್ಮ ತೀರ್ಮಾನವಿದು. ನಿಯಮಗಳನ್ನು ತಿಳಿಯಾಗಿಸುವುದರಿಂದ, ಪ್ರವೇಶವನ್ನು ಸುಗಮಗೊಳಿಸುವುದರಿಂದ ಆಳವು ಕುಂದುವುದಿಲ್ಲ. ಕುಂದುವುದು ಮೂರು ಕಾರಣಗಳಿಂದ: ಫಲವನ್ನು ಬದಲಿಸಬಲ್ಲ ಆಯ್ಕೆಗಳನ್ನು ಕಿತ್ತುಹಾಕಿದಾಗ, ಸರಣಿಯನ್ನು ಉದ್ದಮಾಡದೆ ಅದೃಷ್ಟವನ್ನು ತುಂಬಿದಾಗ, ಆಟಗಾರನು ಮಾಡಬೇಕಾದ ನಿರ್ಧಾರವನ್ನು ಯಂತ್ರವೇ ಮಾಡಿದಾಗ. ಯಾವುದಾದರೊಂದು ಆಟವನ್ನು ಕುರಿತು ವಾದ ಹುಟ್ಟಿದರೆ ಈ ಮೂರನ್ನು ಕೇಳಿ ನೋಡಬೇಕು.

ವಾಚಕರಿಗೆ ಎರಡು ಅಭ್ಯಾಸಗಳು. ಮೊದಲನೆಯದು: ಒಂದು ಬದಿಯನ್ನು ಬೆಳ್ಳಗಾಗುವಂತೆ ಕಲ್ಲಿಗೆ ತಿಕ್ಕಿದ ನಾಲ್ಕು ಹುಣಿಸೆ ಬೀಜಗಳನ್ನು 160 ಬಾರಿ ಎಸೆದು, ಒಂದು, ಎರಡು, ಮೂರು, ನಾಲ್ಕು, ಎಂಟು ಎಷ್ಟೆಷ್ಟು ಬಾರಿ ಬಿದ್ದವೆಂದು ಬರೆದುಕೊಳ್ಳಿರಿ; 40, 60, 40, 10, 10ಕ್ಕೆ ಅದು ಎಷ್ಟು ಸಮೀಪವೆಂದು ನೋಡಿರಿ. ಹೆಚ್ಚು ವ್ಯತ್ಯಾಸವಿದ್ದರೆ ಬೀಜದ ಆಕಾರವೇ ಕಾರಣವಿರಬಹುದು. ಬೀಜಗಳನ್ನು ಬದಲಿಸಿ ಮತ್ತೆ ಎಸೆಯಿರಿ. ಎರಡನೆಯದು: ನಿಮ್ಮ ವಿದ್ಯಾರ್ಥಿನಿಲಯದಲ್ಲಿ ಹುಲಿ-ಕುರಿಯ ಪಂದ್ಯಗಳನ್ನು ಒಂದು ತಿಂಗಳ ಕಾಲ ನಡೆಸಿ, ಪ್ರತಿ ಜೋಡಿಯೂ ಪಕ್ಷಗಳನ್ನು ಅದಲುಬದಲು ಮಾಡಿಕೊಂಡು ಆಡುವಂತೆ ನೋಡಿಕೊಂಡು, ಫಲಗಳನ್ನು ಪಟ್ಟಿಮಾಡಿರಿ. ನಾಲ್ಕು ಆಟಗಳಲ್ಲಿ ಮೂರನ್ನು ಗೆಲ್ಲುವ ಅಂತರವನ್ನು ಒಂದು ಮೆಟ್ಟಿಲೆಂದು ಹಿಡಿದರೆ, ಕೊನೆಯವನಿಂದ ಮೊದಲನೆಯವನವರೆಗೆ ಎಷ್ಟು ಮೆಟ್ಟಿಲುಗಳಿವೆಯೆಂದು ಎಣಿಸಬಹುದು. ಇದ್ದಿಲಿನಿಂದ ಗೀಚಿದ ಇಪ್ಪತ್ತಮೂರು ಸಂಧಿಗಳ ಆಳವು ಆಗ ನಿಮ್ಮ ಕೈಬರಹದ ಪಟ್ಟಿಯಲ್ಲಿಯೇ ತೋರಿಬರುತ್ತದೆ.