‘ಕವೆಟ್’ ಎಂಬ ಕ್ರಿಯಾಪದವೂ ಇಚ್ಛಾಪರಿಮಾಣ ವ್ರತವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆಯ ಶ್ರಾವಕರ ಮನೆಗಳಲ್ಲಿ ಸಂಜೆಯ ಹೊತ್ತು ಮಕ್ಕಳು ಇಂಗ್ಲಿಷ್ ಪಾಠವನ್ನು ಓದುತ್ತಾರೆ. ಹಿರಿಯರು ತತ್ತ್ವಾರ್ಥಸೂತ್ರವನ್ನು ಪಠಿಸುತ್ತಾರೆ. ಒಂದೇ ಜಗಲಿಯ ಮೇಲೆ ನಡೆಯುವ ಈ ಎರಡು ಓದುಗಳು ಒಂದೆಡೆ ಕೂಡುವುದು ಅಪರೂಪ. ‘ಕವೆಟ್’ ಎಂಬ ಚಿಕ್ಕ ಕ್ರಿಯಾಪದದಲ್ಲಿ ಅವು ಕೂಡುತ್ತವೆ. ಆದುದರಿಂದ ಆ ಪದವನ್ನು ದಿನಬಳಕೆಯ ವಾಕ್ಯಗಳಲ್ಲಿಟ್ಟು ವಿಚಾರಿಸುವುದು ಮಕ್ಕಳಿಗೂ ಹಿರಿಯರಿಗೂ ಪ್ರಯೋಜನಕರವಾಗಿದೆ.

ಪದದ ಅರ್ಥ: ಪರರಿಗೆ ಸೇರಿದ ವಸ್ತುವನ್ನು ಕಂಡು, ಅದು ತನ್ನದಾಗಬೇಕೆಂದು ಮನಸ್ಸಿನಲ್ಲಿಯೇ ಹಂಬಲಿಸುವುದು ‘ಕವೆಟ್’ ಎನಿಸುತ್ತದೆ. ಇದರ ಮೂಲವು ಬಯಕೆಯನ್ನು ಸೂಚಿಸುವ ‘ಕುಪೆರೆ’ ಎಂಬ ಲ್ಯಾಟಿನ್ ಧಾತು. ಫ್ರೆಂಚ್ ಭಾಷೆಯ ಮೂಲಕ ಅದು ಇಂಗ್ಲಿಷಿಗೆ ಬಂದಿತು. 1611ರಲ್ಲಿ ಮುದ್ರಿತವಾದ ಇಂಗ್ಲಿಷ್ ಬೈಬಲಿನ ದಶಾಜ್ಞೆಗಳಲ್ಲಿ ಕಡೆಯದು ಈ ಪದದಿಂದಲೇ ನೆರೆಯವನ ಮನೆ ಮೊದಲಾದವುಗಳ ಮೇಲಿನ ಆಸೆಯನ್ನು ನಿಷೇಧಿಸುತ್ತದೆ. ಕಳ್ಳತನಕ್ಕೆ ಅಲ್ಲಿ ಬೇರೆಯೇ ಆಜ್ಞೆಯಿದೆ. ಕೈಯ ದೋಷ ಬೇರೆ, ಮನಸ್ಸಿನ ದೋಷ ಬೇರೆ ಎಂಬ ವಿವೇಕವು ಅಲ್ಲಿಯೂ ಉಂಟು.

ಕನ್ನಡದಲ್ಲಿ ಇದಕ್ಕೆ ಸರಿಸಮಾನವಾದ ಒಂದೇ ಪದವಿಲ್ಲ. ‘ಬಯಸು’ ಎಂಬುದು ನಿರ್ದೋಷವಾದ ಮಾತೂ ಆಗಬಹುದು. ‘ಕರುಬು’ ಎಂಬುದರಲ್ಲಿ ಪರರ ಏಳಿಗೆಯನ್ನು ಕಂಡು ಬೇಯುವ ನೋವು ಮುಖ್ಯ. ಕರುಬಿಕೊಂಡು ಬಯಸುವುದೇ ‘ಕವೆಟ್’. ಕೆಳಗಿನ ವಾಕ್ಯಗಳನ್ನು ನೋಡಬಹುದು.

1. ತನ್ನ ತೋಟದ ಅಡಕೆ ಮರಗಳು ಹಳದಿಯಾದಾಗ ಅವನು ಪಕ್ಕದವನ ಹಸಿರು ತೋಟಕ್ಕೆ ಕರುಬಿ ಆಸೆಪಟ್ಟನು. (ಇಲ್ಲಿ ‘ಕವೆಟ್’ ಸಲ್ಲುತ್ತದೆ.)

2. ಅವನು ತನ್ನ ತೋಟವೂ ಹಸಿರಾಗಲೆಂದು ಬಯಸಿದನು. (ಇಲ್ಲಿ ಸಲ್ಲದು, ಪರರ ವಸ್ತುವಿನ ಮೇಲೆ ದೃಷ್ಟಿಯಿಲ್ಲ.)

3. ಅಕ್ಕನ ಚಿನ್ನದ ಸರವನ್ನು ಕಂಡಾಗಲೆಲ್ಲ ತಂಗಿಯು ಅದು ತನಗಾಗಬಾರದಿತ್ತೇ ಎಂದು ಹಲುಬಿದಳು. (ಸಲ್ಲುತ್ತದೆ, ಸರವು ಅಕ್ಕನ ಕೊರಳಲ್ಲಿಯೇ ಇದ್ದರೂ ದೋಷವು ಘಟಿಸಿದೆ.)

4. ಎಲ್ಲರೂ ಹಂಬಲಿಸುವ ಪ್ರಶಸ್ತಿಯು ಆ ವಿದ್ಯಾರ್ಥಿಗೆ ದೊರಕಿತು. (ಪತ್ರಿಕೆಗಳು ‘ಕವೆಟೆಡ್’ ಎಂದು ಬರೆಯುವುದು ಹೀಗೆ. ಇಲ್ಲಿ ನಿಂದೆಯು ಅಳಿದು ಪ್ರಶಂಸೆಯಾಗಿದೆ.)

ನಾಲ್ಕನೆಯ ವಾಕ್ಯದ ಬಗೆಗೆ ಎಚ್ಚರ ಬೇಕು. ದೋಷವನ್ನು ಹೇಳುವ ಪದವು ಹೊಗಳಿಕೆಯಾಗಿ ಬಳಕೆಗೊಂಡರೆ ದೋಷದ ಪರಿಚಯವೇ ಮಸುಕಾಗುತ್ತದೆ.

ಈಗ ವ್ರತದ ವಿಷಯ. ಶ್ರಾವಕನ ಐದನೆಯ ಅಣುವ್ರತವು ಪರಿಗ್ರಹಪರಿಮಾಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರನ್ನೂ ಹೇಳಿದ್ದಾರೆ. ವಸ್ತುವಿಗೆ ಮಾತ್ರವಲ್ಲ, ಇಚ್ಛೆಗೂ ಅಳತೆಯಿರಬೇಕು. ಉಮಾಸ್ವಾಮಿಗಳೂ ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ತೋರಿಸದೆ ಮಮತೆಯ ಮೈಮರೆವಿನಲ್ಲಿ ತೋರಿಸಿದ್ದಾರೆ. ಐದು ಎಕರೆಗೆ ಮಿತಿ ಹಾಕಿಕೊಂಡವನು ಆರನೆಯ ಎಕರೆಯನ್ನು ಕೊಳ್ಳದಿರಬಹುದು. ಆದರೆ ಬೇಲಿಯಾಚೆಯ ಎಕರೆಯ ಮೇಲೆ ಅವನ ಕಣ್ಣು ಪ್ರತಿದಿನವೂ ನೆಟ್ಟಿದ್ದರೆ, ವ್ರತವು ಲೆಕ್ಕದ ಪುಸ್ತಕದಲ್ಲಿ ಉಳಿದು ಮನಸ್ಸಿನಲ್ಲಿ ಸಡಿಲವಾಗಿದೆ.

ಇದೇ ವ್ರತಕ್ಕೆ ಸಮಂತಭದ್ರರು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ, ಅತಿಭಾರವಹನ ಎಂಬ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ಮೂರನೆಯದು ಮಲೆನಾಡಿನ ಗೃಹಸ್ಥನಿಗೆ ಕನ್ನಡಿ ಹಿಡಿದಂತಿದೆ. ಪ್ರಭಾಚಂದ್ರರ ಟೀಕೆಯಂತೆ, ಸರಕನ್ನು ಮಾರಿಯಾದ ಮೇಲೆ ಅಥವಾ ತಾನು ಸಂಗ್ರಹಿಸದೆ ಹೋದ ಮೇಲೆ, ಅದಕ್ಕೆ ಹೆಚ್ಚಿನ ಬೆಲೆ ಬಂದುದನ್ನು ಕಂಡು ಲೋಭದಿಂದ ಮರುಗುವುದೇ ಅತಿವಿಸ್ಮಯ. ಒಬ್ಬನು ಹತ್ತು ಕ್ವಿಂಟಾಲ್ ಅಡಕೆಯನ್ನು ನ್ಯಾಯವಾದ ಲಾಭಕ್ಕೆ ಮಾರಿದನೆನ್ನೋಣ. ತಿಂಗಳ ನಂತರ ಧಾರಣೆಯು ಕ್ವಿಂಟಾಲಿಗೆ 2,000 ರೂಪಾಯಿ ಏರಿತು; ಕಾದು ಮಾರಿದ ನೆರೆಯವನಿಗೆ ಅಷ್ಟೇ ಅಡಕೆಗೆ 20,000 ರೂಪಾಯಿ ಹೆಚ್ಚು ಬಂದಿತು. ಮೊದಲಿನವನು ಕಳೆದುಕೊಂಡುದು ಏನೂ ಇಲ್ಲ. ಆದರೂ ಅವನಿಗೆ ಊಟ ರುಚಿಸದು. ಆ ರಾತ್ರಿ ಅವನು ಕಳೆದುಕೊಂಡದ್ದು ತನ್ನ ಶಾಂತಿಯನ್ನು ಮಾತ್ರ.

ಶೃಂಗೇರಿ, ಕೊಪ್ಪಗಳ ಎಷ್ಟೋ ತೋಟಗಳನ್ನು ಹಳದಿ ಎಲೆ ರೋಗವು ದಶಕಗಳಿಂದ ಕಾಡುತ್ತಿದೆ. ನಿಶ್ಚಿತವಾದ ಔಷಧವು ದೊರೆತಿಲ್ಲ. ಇಂಥ ಕಷ್ಟದಲ್ಲಿರುವವನಿಗೆ ‘ಕರುಬಬೇಡ’ ಎಂದು ಹೇಳುವುದು ಸುಲಭ, ಪಾಲಿಸುವುದು ಕಠಿಣ. ಅವನು ನರಸಿಂಹರಾಜಪುರದ ಸಿಂಹನಗದ್ದೆಯ ಬಸದಿಗೆ ಹೋಗಿ ಜ್ವಾಲಾಮಾಲಿನಿಯ ಮುಂದೆ ಕಣ್ಣೀರಿಡುವುದು ಸಹಜವೇ. ಆದರೆ ಅಷ್ಟಮಿ, ಚತುರ್ದಶಿಗಳ ಉಪವಾಸವನ್ನೂ ನೋಂಪಿಯನ್ನೂ ಹಿಡಿದು, ‘ಇದರ ಫಲವಾಗಿ ಅವನಿಗಿರುವ ಸಿರಿ ನನಗಾಗಲಿ’ ಎಂದು ಸಂಕಲ್ಪಿಸಿದರೆ ಅದು ನಿದಾನ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನೇ ವ್ರತಿ. ಮುಳ್ಳು ಒಳಗಿರುವಾಗ ಮೇಲೆ ಕಟ್ಟಿದ ಪಟ್ಟಿಯಿಂದ ಗಾಯವು ಮಾಯದು. ಹಸಿದ ಹೊಟ್ಟೆಯೊಳಗೆ ಕರುಬು ಉಣ್ಣುತ್ತಿದ್ದರೆ ಅದು ಉಪವಾಸವಾಗದು.

ಲೋಭವು ಬೇಗನೆ ಬಿಡುವಂಥದಲ್ಲ. ಹದಿನಾಲ್ಕು ಗುಣಸ್ಥಾನಗಳಲ್ಲಿ ಹತ್ತನೆಯದಾದ ಸೂಕ್ಷ್ಮಸಾಂಪರಾಯದವರೆಗೂ ಅದರ ಎಳೆಯು ಉಳಿಯುತ್ತದೆ. ಆದಕಾರಣ ಗೃಹಸ್ಥನು ತನ್ನಲ್ಲಿ ಅದನ್ನು ಕಂಡು ಹತಾಶನಾಗಬೇಕಿಲ್ಲ. ಕಂಡುದನ್ನು ಮುಚ್ಚಬಾರದು, ಅಷ್ಟೇ. ಪರಿಹಾರಕ್ಕೆ ಪ್ರಮೋದಭಾವನೆಯುಂಟು. ಅಧಿಕ ಗುಣವುಳ್ಳವರನ್ನು ಕಂಡು ಸಂತೋಷಿಸುವುದೇ ಪ್ರಮೋದ. ನೆರೆಯವನ ತೋಟದಲ್ಲಿ ಸಿರಿಯನ್ನು ಬಿಟ್ಟು ಅವನ ದುಡಿಮೆಯ ಗುಣವನ್ನು ನೋಡಿದರೆ, ಬಸಿಗಾಲುವೆಯನ್ನು ಅವನು ಹೇಗೆ ತೆಗೆದನು, ಸೊಪ್ಪುಗೊಬ್ಬರವನ್ನು ಯಾವಾಗ ಹಾಕಿದನು ಎಂದು ಕೇಳುವ ಬಾಯಿ ಬರುತ್ತದೆ. ಕರುಬುವವನಿಗೆ ಆ ಬಾಯಿ ಬಾರದು.

ಅಭ್ಯಾಸ: ಮಕ್ಕಳು ‘ಕವೆಟ್’ ಸಲ್ಲುವ ಮೂರು ವಾಕ್ಯಗಳನ್ನೂ ಸಲ್ಲದ ಮೂರು ವಾಕ್ಯಗಳನ್ನೂ ಬರೆಯತಕ್ಕದ್ದು. ಹಿರಿಯರು ಸಂಜೆಯ ಸಾಮಾಯಿಕದ ಮೊದಲು, ಆ ದಿನ ಯಾರ ಯಾವ ವಸ್ತುವಿನ ಮೇಲೆ ತಮ್ಮ ಕಣ್ಣು ನಿಂತಿತೆಂಬುದನ್ನು ಒಂದೇ ವಾಕ್ಯದಲ್ಲಿ ತಮಗೆ ತಾವೇ ಹೇಳಿಕೊಳ್ಳತಕ್ಕದ್ದು. ಆ ವಾಕ್ಯದ ಕರ್ತೃಪದವು ‘ನಾನು’ ಎಂದೇ ಇರಲಿ.