ಗಣಕಯಂತ್ರಕ್ಕೆ ತಕ್ಕ ಎಸ್‌ಎಂಪಿಎಸ್: ಆಯ್ಕೆಯೂ ಲೆಕ್ಕವೂ

ಗಣಕಯಂತ್ರವನ್ನು ಕೊಳ್ಳುವ ವರ್ತಕರು ಪ್ರೊಸೆಸರ್, ಮೆಮೊರಿ, ಪರದೆಯ ಅಳತೆಗಳನ್ನು ತಪ್ಪದೆ ವಿಚಾರಿಸುತ್ತಾರೆ. ಕ್ಯಾಬಿನೆಟ್ಟಿನ ಒಳಗಿರುವ ವಿದ್ಯುತ್ ಪೆಟ್ಟಿಗೆಯನ್ನು, ಅಂದರೆ ಎಸ್‌ಎಂಪಿಎಸ್ ಅನ್ನು, ವಿಚಾರಿಸುವವರು ವಿರಳ. ಗೋಡೆಯ 230 ವೋಲ್ಟ್ ಎ.ಸಿ. ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟ್‌ಗಳ ಡಿ.ಸಿ.ಗೆ ಪರಿವರ್ತಿಸುವ ಈ ಪೆಟ್ಟಿಗೆಯು ಕೆಟ್ಟಾಗ ಮದರ್‌ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಕೆಡಿಸುವ ಸಂಭವವುಂಟು. ಹಾರ್ಡ್ ಡಿಸ್ಕಿನೊಡನೆ ಹೋಗುವುದು ಲೆಕ್ಕಪುಸ್ತಕ. ಜಿಎಸ್‌ಟಿ ಕಾಯ್ದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕೆಂಬುದನ್ನು ಮರೆಯುವಂತಿಲ್ಲ.

ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ '450 ವ್ಯಾಟ್' ಎಂಬ ಅಂಕಿಯನ್ನು ನಂಬುವುದಕ್ಕಿಂತ ಅದರ ಕೆಳಗಿನ ಪಟ್ಟಿಯನ್ನು ಓದುವುದು ಲೇಸು. ಇಂದಿನ ಗಣಕಯಂತ್ರಗಳು ಬಹುಪಾಲು ವಿದ್ಯುತ್ತನ್ನು 12 ವೋಲ್ಟ್ ಮಾರ್ಗದಿಂದಲೇ ಪಡೆಯುತ್ತವೆ. ಆ ಸಾಲಿನಲ್ಲಿ 14 ಆಂಪಿಯರ್ ಎಂದಿದ್ದರೆ ದೊರೆಯುವುದು 12 × 14, ಅಂದರೆ 168 ವ್ಯಾಟ್ ಮಾತ್ರ. ಉಳಿದ ಅಂಕಿ ಜಾಹೀರಾತೆಂದೇ ತಿಳಿಯಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ, ಬಿಲ್ಲು ಬರೆಯುವ ಯಂತ್ರಕ್ಕೆ ಸಾಮಾನ್ಯವಾಗಿ 100 ವ್ಯಾಟ್‌ನ ಆಸುಪಾಸು ಸಾಕಾಗುತ್ತದೆ. ಆದ್ದರಿಂದ ನೈಜವಾದ 300 ಅಥವಾ 350 ವ್ಯಾಟ್‌ನ ಪೆಟ್ಟಿಗೆಯು ಹೆಸರಿಗಷ್ಟೇ 500 ವ್ಯಾಟ್ ಎನ್ನಿಸಿಕೊಂಡದ್ದಕ್ಕಿಂತ ಮೇಲು.

ಇನ್ನು ದಕ್ಷತೆ. 2004ರಲ್ಲಿ ಆರಂಭವಾದ '80 ಪ್ಲಸ್' ಗುರುತಿನ ಮೂಲ ದರ್ಜೆಯು, ಸಾಮರ್ಥ್ಯದ 20, 50 ಮತ್ತು 100 ಶೇಕಡಾ ಹೊರೆಗಳಲ್ಲಿ ಕನಿಷ್ಠ 80 ಶೇಕಡಾ ದಕ್ಷತೆಯನ್ನು ಬಯಸುತ್ತದೆ. ಯಂತ್ರಕ್ಕೆ 80 ವ್ಯಾಟ್ ಬೇಕೆಂದು ಭಾವಿಸೋಣ. 65 ಶೇಕಡಾ ದಕ್ಷತೆಯ ಪೆಟ್ಟಿಗೆಯು ಮೀಟರಿನಿಂದ ಸುಮಾರು 123 ವ್ಯಾಟ್ ಎಳೆದರೆ, 85 ಶೇಕಡಾ ದಕ್ಷತೆಯದು 94 ವ್ಯಾಟ್ ಎಳೆಯುತ್ತದೆ. ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ದುಡಿಸಿದರೆ ವ್ಯತ್ಯಾಸ 87 ಯೂನಿಟ್. ಯೂನಿಟ್ಟಿಗೆ 8 ರೂಪಾಯಿ ಹಿಡಿದರೆ ವರ್ಷಕ್ಕೆ 696 ರೂಪಾಯಿ. ಅಗ್ಗದ ಪೆಟ್ಟಿಗೆಯ 'ಉಳಿತಾಯ' ಎಲ್ಲಿ ಹೋಯಿತೆಂಬುದು ಇದರಿಂದ ಸ್ಪಷ್ಟ.

ಹಾಸನ ಜಿಲ್ಲೆಗೆ ವಿದ್ಯುತ್ ಪೂರೈಸುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ. ಶೆಟ್ಟಿಹಳ್ಳಿಯಂತಹ ಗ್ರಾಮಗಳಲ್ಲಿ ಟ್ರಾನ್ಸ್‌ಫಾರ್ಮರಿನಿಂದ ದೂರವಿರುವ ಗಿರಣಿಗೋ ಅಂಗಡಿಗೋ ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ವೋಲ್ಟೇಜು ಕುಸಿಯುವ ಸಾಧ್ಯತೆಯಿರುತ್ತದೆ. ಅಂತಹವರು ಪಟ್ಟಿಯಲ್ಲಿ '100–240 ವೋಲ್ಟ್' ಎಂದಿರುವುದನ್ನೇ ಆರಿಸತಕ್ಕದ್ದು. ಹಳೆಯ ಮಾದರಿಗಳ ಹಿಂಬದಿಯಲ್ಲಿ 115/230 ಎಂಬ ಕೆಂಪು ಗುಂಡಿಯಿದ್ದರೆ ಅದು 230ರಲ್ಲಿಯೇ ಇರಬೇಕು. 115ಕ್ಕೆ ಸರಿಸಿ ಸ್ವಿಚ್ ಹಾಕಿದರೆ ಪೆಟ್ಟಿಗೆ ಸುಟ್ಟುಹೋಗುತ್ತದೆ. ಇನ್ವರ್ಟರ್ ಉಳ್ಳವರು ಅದನ್ನು 'ಯುಪಿಎಸ್' ಸ್ಥಿತಿಯಲ್ಲಿ ಇರಿಸದಿದ್ದಲ್ಲಿ, ವಿದ್ಯುತ್ ಹೋದ ಕ್ಷಣದಲ್ಲಿ ಬದಲಾವಣೆ ತಡವಾಗಿ ಯಂತ್ರವು ಆರಿಹೋಗುವುದುಂಟು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಹೆಚ್ಚಾಗಿ ಭೂಸಂಪರ್ಕದ ದೋಷವೆಂದರಿತು ಮೊದಲು ಎಲೆಕ್ಟ್ರೀಷಿಯನ್ನನ್ನು ಕರೆಸಬೇಕು. ಹೊಸ ಎಸ್‌ಎಂಪಿಎಸ್ ಹಾಕಿಸಿದ ಮಾತ್ರಕ್ಕೆ ಆ ದೋಷ ನೀಗದು.

ಲೆಕ್ಕ ಬರೆಯುವಾಗ, ಕೆಟ್ಟ ಎಸ್‌ಎಂಪಿಎಸ್ ಬದಲಿಸಿದ ವೆಚ್ಚವನ್ನು ಸಾಮಾನ್ಯವಾಗಿ ದುರಸ್ತಿ ಖಾತೆಗೆ ಸೇರಿಸಬೇಕೇ ಹೊರತು ಹೊಸ ಆಸ್ತಿಯೆಂದು ತೋರಿಸತಕ್ಕದ್ದಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ನೋಂದಾಯಿತ ವರ್ತಕರು ತಮ್ಮ ಜಿಎಸ್‌ಟಿ ಸಂಖ್ಯೆ ನಮೂದಾದ ತೆರಿಗೆ ಬಿಲ್ಲನ್ನೇ ಕೇಳಿ ಪಡೆಯಬೇಕು. ಬಿಳಿ ಚೀಟಿಯಲ್ಲಿ ಕೊಂಡರೆ ಹೂಡುವಳಿ ತೆರಿಗೆಯ ಜಮೆಯೂ ಇಲ್ಲ, ವಾರಂಟಿ ಕೇಳಲು ಆಧಾರವೂ ಇಲ್ಲ.